ಕೆಂಪು ಬಸ್ಸಿಗೆ ದಾರಿ ಬಿಟ್ಟದ್ದು

ಕನ್ನಡಿ ಬೇಕಿಲ್ಲದ ಕಾರು ಕೋಲಾರದಲ್ಲಿ ಒಂದೇ ಒಂದಿದೆ, ಅದು ನನ್ನದು ಎಂದು ನಾನು ಜಂಬಪಟ್ಟ ಕೊನೆಯ ದಿನ ಅದು. ಟೇಕಲ್‌ನಲ್ಲಿ ನೆಂಟರ ಮಗುವಿಗೆ ಹೆಸರಿಡುವ ಶಾಸ್ತ್ರ ಮುಗಿಸಿಕೊಂಡು ನಾನೂ ನನ್ನ ಹೆಂಡತಿ ರುಕ್ಮಿಣಿಯೂ ಊರಿಗೆ ಮರಳುತ್ತಿದ್ದೆವು. ಚಿನ್ನದ ಗಣಿಯ ಕಡೆಯ ಒಬ್ಬ ಬಿಳಿ ದೊರೆ ಸೀಮೆಗೆ ಹೊರಡುವಾಗ ಮಾರಿಹೋದ ಕಾರು. ಬಟ್ಟೆಯ ಮಾಡು. ಹಿಂಬದಿಯಲ್ಲಿ ಅಂಗೈಯಗಲದ ಒಂದು ಕಿಂಡಿ ಇತ್ತಾದರೂ ಅದಕ್ಕೆ ಹೊಲಿದ ಹಾಳೆ ಹಳದಿಗಟ್ಟಿ ಅದರ ಮೂಲಕ ಹಗಲೋ ರಾತ್ರಿಯೋ ಎಂಬುದಷ್ಟೇ ತಿಳಿಯುತ್ತಿತ್ತು. ದೊರೆಯ ಕಾಲದಲ್ಲಿ ಬಲಪಕ್ಕದಲ್ಲಿ ಒಂದು ಕನ್ನಡಿ ಇತ್ತೆಂಬುದಕ್ಕೆ ಎರಡು ತೂತುಗಳು ಮಾತ್ರ ಸಾಕ್ಷಿಯಾಗಿ ಉಳಿದಿದ್ದವು.

ಆ ಕನ್ನಡಿಯ ಹುದ್ದೆಯನ್ನು ರುಕ್ಮಿಣಿ ವಹಿಸಿಕೊಂಡಿದ್ದಳು. ಅವಳು ನನ್ನ ಹಿಂದಿನ ಸೀಟಿನಲ್ಲಿ ಕುಳಿತು, ಆಗಾಗ ಹೊರಗೆ ಬಗ್ಗಿ ನೋಡಿ, ನನ್ನ ಬಲಭುಜದ ಮೇಲೆ ತಟ್ಟುತ್ತಿದ್ದಳು. ಒಂದು ಸಲ ತಟ್ಟಿದರೆ ಹಿಂದೆ ಎತ್ತಿನ ಗಾಡಿ. ಎತ್ತಿನ ಗಾಡಿ ಕಾರನ್ನು ದಾಟಿಕೊಂಡು ಹೋಗುವುದುಂಟೇ ಎಂದು ಕೇಳುವವರು ನಾನು ಕಾರು ಓಡಿಸುವುದನ್ನು ನೋಡಿಲ್ಲ. ಎರಡು ಸಲ ತಟ್ಟಿದರೆ ಬಸ್ಸು. ಮೂರು ಸಲ ತಟ್ಟಿದರೆ, ಹಿಂದೆ ಏನೂ ಇಲ್ಲ, ನೀವು ತೂಕಡಿಸುತ್ತಿದ್ದೀರಿ ಎಂದು.

ಅವತ್ತು ಅವಳು ಒಂದು ಸಲ ತಟ್ಟಿದಳು. ನಾನು ಎಡಕ್ಕೆ ಸರಿದು ಕಾದೆ. ಯಾವ ಗಾಡಿಯೂ ಬರಲಿಲ್ಲ.

"ಗಾಡಿ ಎಲ್ಲೇ?" ಎಂದೆ.

"ಗಾಡಿ ಇಲ್ಲ. ಸುಮ್ನೆ ತಟ್ಟಿದೆ. ಇದೀರೋ ಇಲ್ವೋ ಅಂತ."

"ಇಲ್ಲದೆ ಇನ್ನೆಲ್ಲಿ ಹೋಗ್ತೀನಿ? ಕಾರು ಯಾರು ಓಡಿಸ್ತಾ ಇದಾರೆ?"

"ಅದೇ ನನಗೂ ಅನುಮಾನ" ಎಂದಳು.

ಮರುದಿನ ಬೆಳಿಗ್ಗೆ ಅವಳಿಗೆ ಜ್ವರ ಬಂತು. ಒಂಬತ್ತನೆಯ ದಿನ ಹೋದಳು. ಎಂಟನೆಯ ದಿನ ನಾನು ತಾಯಲೂರಿಗೆ, ಅವಳ ತಾಯಿಗೆ, ಹೇಳಿಕಳಿಸಿದ್ದೆ. ಅವರು ಬಸ್ಸಿನಲ್ಲಿ ಹೊರಟರು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಒಂದು ಪೀಪಾಯಿ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಆ ಬಸ್ಸು ದಾರಿಯಲ್ಲಿ ಎರಡು ಕಡೆ ನಿಂತಿತು. ಅತ್ತೆ ಬಂದು ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಗಳ ಮುಖವನ್ನು ಅವರು ನೋಡಲಿಲ್ಲ. ಕಾರು ನಮ್ಮ ಮನೆಯ ಮುಂದೆಯೇ ನಿಂತಿತ್ತು. ಹಿಂದೆ ನೋಡುವವರಿಲ್ಲವೆಂದು ನಾನು ಅದನ್ನು ತೆಗೆದಿರಲಿಲ್ಲ.

ಅತ್ತೆ ಅದರ ಬಗ್ಗೆ ನನಗೆ ಏನೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನೊಡನೆ ನೇರವಾಗಿ ಮಾತನಾಡುವುದಿಲ್ಲ, ಮುಖವೆತ್ತಿ ನೋಡುವುದಿಲ್ಲ. ಹದಿನಾಲ್ಕು ವರ್ಷ ನಮ್ಮಿಬ್ಬರ ಮಾತುಕತೆ ರುಕ್ಮಿಣಿಯ ಮುಖಾಂತರವೇ ನಡೆದಿತ್ತು. ನಾನು ಎಲೆಯ ಮುಂದೆ, ಅತ್ತೆ ಬಾಗಿಲ ಹಿಂದೆ, ನಡುವೆ ನಾಲ್ಕು ಮೊಳ ಜಾಗ. "ಅವರಿಗೆ ಇನ್ನೊಂದು ಮುದ್ದೆ ಬೇಕಾ ಕೇಳೇ" ಎಂದು ಅತ್ತೆ. "ಸಾಕು ಅಂತ ಹೇಳು" ಎಂದು ನಾನು. "ಕೇಳಿಸ್ತಲ್ಲ ಇಬ್ಬರಿಗೂ, ನಾನ್ಯಾಕೆ ಮಧ್ಯದಾಗೆ?" ಎಂದು ರುಕ್ಮಿಣಿ. ಈಗ ಮಧ್ಯೆ ಯಾರೂ ಇರಲಿಲ್ಲವಾದ್ದರಿಂದ ನಮ್ಮ ಮಾತು ಅಲ್ಲಿಗೇ ನಿಂತುಹೋಗಿತ್ತು.

ವರ್ಷದ ತಿಥಿ ಹತ್ತಿರ ಬಂತು. ಈ ಸಲವಾದರೂ ಅತ್ತೆ ಹೊತ್ತಿಗೆ ಸರಿಯಾಗಿ ಬರಬೇಕು, ನಾನೇ ಹೋಗಿ ಕರೆತರಬೇಕು ಎಂದು ನಿಶ್ಚಯಿಸಿದೆ. ಕೂಪನ್ನಿನ ಪೆಟ್ರೋಲನ್ನು ತಿಂಗಳುಗಟ್ಟಲೆ ಕೂಡಿಟ್ಟು, ತಾಯಲೂರಿಗೆ ಒಮ್ಮೆ ಹೋಗಿ ಬರುವಷ್ಟು ಮಾಡಿಕೊಂಡೆ. ಎರಡನೆಯ ಸಲಕ್ಕೆ ಇರಲಿಲ್ಲ. ಭಾವಮೈದ ನಾರಾಯಣ ಕಾಗದ ಬರೆದಿದ್ದ: "ಅಮ್ಮ ಬರುತ್ತಾರಂತೆ. ಆದರೆ ಅಕ್ಕನಿಲ್ಲದೆ ಹಿಂದೆ ನೋಡುವವರು ಯಾರು ಎಂದು ಕೇಳುತ್ತಾರೆ. ಅದಕ್ಕೊಂದು ವ್ಯವಸ್ಥೆ ಆದರೆ ಮಾತ್ರ ಕಾರು ಹತ್ತುತ್ತಾರಂತೆ. ದೀಪ ಹಚ್ಚುವುದರೊಳಗೆ ಕೋಲಾರ ಸೇರಬೇಕಂತೆ."

ವ್ಯವಸ್ಥೆ ಎಂದರೆ ಕನ್ನಡಿ. ಇಷ್ಟು ಸಣ್ಣ ಕೆಲಸ. ನಾನು ನಕ್ಕೇಬಿಟ್ಟೆ.

ನಮ್ಮ ಬೀದಿಯ ತುದಿಯಲ್ಲಿ ತಗಡಿನ ಪೆಟ್ಟಿಗೆ ಮಾಡುವ ಗಫೂರ್ ಸಾಹೇಬರ ಅಂಗಡಿ. ಅವರು ದೇವರ ಪಟಕ್ಕೆ ಕಟ್ಟು ಹಾಕುವುದರಿಂದ ಹಿಡಿದು ಕೊಡೆ ರಿಪೇರಿಯವರೆಗೆ ಎಲ್ಲ ಬಲ್ಲವರು.

"ಮೋಟಾರ್ ಕನ್ನಡಿ ಈ ಲಡಾಯಿ ಮುಗಿಯೋತನಕ ಸಿಗೋದಿಲ್ಲ ಸಾಮಿ. ಮನೆಯಾಗೆ ಯಾವುದಾದ್ರೂ ಇದ್ರೆ ತನ್ನಿ, ಕಂಬಿ ಮಾಡಿ ಕೂರಿಸ್ತೀನಿ" ಎಂದರು.

ಮನೆಯಲ್ಲಿ ಒಂದೇ ಒಂದು ಕನ್ನಡಿ ಇತ್ತು. ಅಡುಗೆಮನೆಯ ಗೂಡಿನಲ್ಲಿ ರುಕ್ಮಿಣಿ ಇಟ್ಟುಕೊಂಡಿದ್ದ ಹಿತ್ತಾಳೆ ಕಟ್ಟಿನ ಕನ್ನಡಿ; ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು. ವರ್ಷದಿಂದ ಅದರಲ್ಲಿ ಯಾರೂ ಮುಖ ನೋಡಿಕೊಂಡಿರಲಿಲ್ಲ. ನನ್ನ ಗಡ್ಡವನ್ನು ನಾನು ಅಂದಾಜಿನ ಮೇಲೆ ಹೆರೆದುಕೊಳ್ಳುತ್ತಿದ್ದೆ. ಅದು ನನ್ನನ್ನು ನೋಡಿದವರಿಗೆಲ್ಲ ಗೊತ್ತಿತ್ತು. ಕನ್ನಡಿಯನ್ನು ಪಂಚೆಯಲ್ಲಿ ಸುತ್ತಿ ತಂದುಕೊಟ್ಟೆ.

ಗಫೂರ್ ಸಾಹೇಬರು ಅರ್ಧ ದಿನ ಬಡಿದು, ದೊರೆಯ ಎರಡು ತೂತುಗಳಿಗೆ ಕಂಬಿ ಸಿಕ್ಕಿಸಿ, ಕನ್ನಡಿ ಕೂರಿಸಿದರು. ಆಮೇಲೆ ತಾವೇ ಕಾರಿನೊಳಗೆ ಕುಳಿತು, ಕೈಚಾಚಿ ಅದನ್ನು ಹಾಗೆ ಹೀಗೆ ತಿರುಗಿಸಿ, "ಫಸ್ಟ್ ಕ್ಲಾಸ್. ಮಸೀದಿ ಗಡಿಯಾರ ಸೈತ ಕಾಣ್ತದೆ" ಎಂದು ತೀರ್ಪಿತ್ತರು. ಗಫೂರ್ ಸಾಹೇಬರು ಆರಡಿ ಮೇಲೆ ಎರಡಂಗುಲ. ಅವರು ಇಳಿದ ಮೇಲೆ ನಾನು ಹತ್ತಿ ಕುಳಿತೆ. ನನ್ನದು ಐದಡಿ ಪೂರ್ತಿ ಎಂದು ಹೇಳಿದರೆ ಸುಳ್ಳಾಗುತ್ತದೆ.

"ಏನ್ ಕಾಣ್ತದೆ ಸಾಮಿ?"

"ನಿಮ್ಮ ಹೊಟ್ಟೆ."

ಅವರು ಸರಿದರು. "ಈಗ?"

"ಕಾರಿನ ಬಾಗಿಲು."

"ಬಾಗಿಲು ಸೈತ ಹಿಂದೇನೇ ಇರೋದಲ್ವಾ?" ಎಂದು ಅವರು ಸಮಾಧಾನ ಹೇಳಿದರು.

ಕೊನೆಗೆ ನಾನೇ ಕಾರಿನಿಂದ ಇಳಿದು, ಕನ್ನಡಿಯ ಮುಂದೆ ನಿಂತು, ನನ್ನ ಕಣ್ಣಿಗೆ ಬೀದಿಯೆಲ್ಲ ಚೆನ್ನಾಗಿ ಕಾಣುವಂತೆ ತಿರುಗಿಸಿ, ತಿರುಪು ಬಿಗಿಸಿದೆ. ನಿಂತು ನೋಡಿದ್ದನ್ನು ಕುಳಿತಾಗಲೂ ನೋಡಬಹುದೆಂದು ನಂಬಿದ ಮೊದಲನೆಯ ಮೋಟಾರು ಮಾಲೀಕ ನಾನೇ ಇರಬೇಕು.

ಬೆಳಗಾಗುವುದರೊಳಗೆ ನನ್ನ ಕೆಲಸವೂ ಉಳಿಯಲಿಲ್ಲ. ಬೀದಿಯಲ್ಲಿ ಪುಕ್ಕಟೆ ಕನ್ನಡಿ ಬಂದಿದೆ ಎಂಬ ಸುದ್ದಿ ಹಬ್ಬಿತ್ತು. ನಾನು ಬಾಗಿಲು ತೆರೆದಾಗ ಹಾಲಿನ ಮುನಿಯಮ್ಮ ಅದರ ಮುಂದೆ ಹೂ ಮುಡಿಯುತ್ತಿದ್ದಳು. ಅವಳ ಹಿಂದೆ ಎದುರುಮನೆಯ ವೆಂಕಟಪ್ಪ ಸರದಿಗೆ ನಿಂತಿದ್ದ, ಮೀಸೆಯ ಕತ್ತರಿ ಹಿಡಿದು.

"ಸ್ವಲ್ಪ ಕೆಳಗಿತ್ತು ಕಣಣ್ಣಾ, ನಾನೇ ಎತ್ತರ ಮಾಡ್ದೆ" ಎಂದ ವೆಂಕಟಪ್ಪ, ಉಪಕಾರ ಮಾಡಿದವನ ಧಾಟಿಯಲ್ಲಿ.

ಸರಿಪಡಿಸಲು ಹೊತ್ತಿರಲಿಲ್ಲ. ಕೈಯಿಂದ ಒಂದಿಷ್ಟು ತಿರುಗಿಸಿಕೊಂಡು ಹೊರಟೆ. ಊರು ದಾಟುತ್ತಿದ್ದಂತೆ ಕನ್ನಡಿಯಲ್ಲಿ ಏನೋ ಕಂಡಿತು. ಮಸುಕು ಮಸುಕಾಗಿ ರಸ್ತೆ, ಅದರ ತುದಿಯಲ್ಲಿ ಕೆಂಪಗೆ ಒಂದು ಬಸ್ಸು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ನೋಡು, ಕಾಣುತ್ತಿದೆ! ನಾನು ಶಾಸ್ತ್ರೋಕ್ತವಾಗಿ ಎಡಕ್ಕೆ ಸರಿದು, ವೇಗ ತಗ್ಗಿಸಿ, ಬಲಗೈ ಹೊರಗೆ ಚಾಚಿ, ದಯಮಾಡಿಸಬಹುದು ಎಂದು ಸನ್ನೆ ಮಾಡಿದೆ.

ಬಸ್ಸು ಬರಲಿಲ್ಲ. ದೂರದಲ್ಲೇ ಇತ್ತು.

ಸಾಧು ಸ್ವಭಾವದ ಡ್ರೈವರ್ ಇರಬೇಕೆಂದು ಮುಂದುವರಿದೆ. ಬಸ್ಸೂ ಬಂತು. ನಾನು ಜೋರು ಮಾಡಿದರೆ ಅದೂ ಜೋರು. ನಾನು ನಿಂತರೆ ಅದೂ ನಿಂತಿತು. ದಾರಿಯಲ್ಲಿ ಮೂರು ಕಡೆ ಮರದ ಕೆಳಗೆ ಕಾರು ನಿಲ್ಲಿಸಿ ಅದಕ್ಕೆ ದಾರಿ ಬಿಟ್ಟೆ. ಮೂರನೆಯ ಸಲ ದೇವರಾಯಸಮುದ್ರದ ಬಳಿ ಹುರುಳಿ ಒಕ್ಕುತ್ತಿದ್ದ ಮುದುಕನೊಬ್ಬ ಕೇಳಿದ: "ಏನ್ ಸಾಮಿ, ಎವರಿ ಕೋಸಂ, ಯಾರಿಗೆ ಕಾಯ್ತಾ ಇದೀರಾ?"

"ಹಿಂದಿನ ಬಸ್ಸು ಹೋಗಿಬಿಡಲಿ ಅಂತ."

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಕೋಲಾರದವರೆಗೂ ನೋಡಿದ. ಆಮೇಲೆ ನನ್ನನ್ನು ನೋಡಿದ. ಮತ್ತೆ ಹುರುಳಿ ಒಕ್ಕಲು ಹೋದ.

ಮುಳಬಾಗಿಲಿನಲ್ಲಿ ನೀರು ಹಾಕಲು ಇಳಿದಾಗ ಕನ್ನಡಿಯ ಹತ್ತಿರ ಹೋಗಿ ನೋಡಿದೆ. ಬಸ್ಸು ಅಲ್ಲಿಯೇ ಇತ್ತು. ಕನ್ನಡಿಯ ಮೇಲುಮೂಲೆಯಲ್ಲಿ, ಹಿತ್ತಾಳೆ ಕಟ್ಟಿಗೆ ತಾಗಿ, ಬೆರಳು ತಗುಲಿ ಆದ ಒಂದು ಕೆಂಪು ಗುರುತು. ಕುಂಕುಮ. ಹಣೆಗಿಟ್ಟುಕೊಂಡ ಮೇಲೆ ಬೆರಳಿನಲ್ಲಿ ಉಳಿದದ್ದನ್ನು ರುಕ್ಮಿಣಿ ಕನ್ನಡಿಯ ಮೂಲೆಗೆ ಒತ್ತುತ್ತಿದ್ದಳು. ಕುಂಕುಮ ನಿಲ್ಲಲೆಂದು ಹಣೆಗೆ ಹಚ್ಚುವ ಮೇಣದ ಜೊತೆ ಬೆರೆತು ಗಟ್ಟಿಯಾಗಿತ್ತು.

ಕೋಲಾರದಿಂದ ಮುಳಬಾಗಿಲಿನವರೆಗೆ ನಾನು ದಾರಿ ಬಿಟ್ಟದ್ದು ಅದಕ್ಕೆ.

ಒರೆಸಲು ಪಂಚೆಯ ತುದಿ ಎತ್ತಿದವನು ಹಾಗೇ ಬಿಟ್ಟೆ. ಕನ್ನಡಿಯನ್ನೂ ಮುಟ್ಟಲಿಲ್ಲ. ಕಾರು ಹತ್ತಿದೆ.

ಇಲ್ಲದ ಬಸ್ಸಿಗೆ ಉಪಚಾರ ಮಾಡಿದ್ದರಿಂದ ತಾಯಲೂರು ತಲುಪುವಾಗ ಮಧ್ಯಾಹ್ನ ಮೀರಿತ್ತು. ಮಾರ್ಗಶಿರದ ಹಗಲು, ಬೇಗ ಕತ್ತಲಾಗುತ್ತದೆ. ಅತ್ತೆ ಬೆಳಗಿನಿಂದಲೇ ಸೆರಗು ಹೊದ್ದು ಜಗಲಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಒಂದು ಹಿತ್ತಾಳೆ ಪಾತ್ರೆ. ಅದರ ತುಂಬ ಹಿತಕಿದ ಅವರೆಬೇಳೆ. ಮಗಳಿಗೆ ಇಷ್ಟವಾದ ಸಾರು ಮಾಡಿ ಎಡೆಗಿಡಬೇಕೆಂದು ಹಿಂದಿನ ದಿನವೆಲ್ಲ ಕುಳಿತು ಒಂದೊಂದೇ ಕಾಳು ಹಿತಕಿದ್ದರಂತೆ. ನಾರಾಯಣ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿಕೊಟ್ಟ.

ಅತ್ತೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಕನ್ನಡಿಯ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಮಗನ ಕಡೆ ತಿರುಗಿ, "ಈ ಕನ್ನಡಿ ಎಲ್ಲಿಂದ ಬಂತು ಅಂತ ಕೇಳೋ" ಎಂದರು.

"ಮನೆಯದೇ ಅಂತ ಹೇಳಪ್ಪ" ಎಂದೆ ನಾನು.

"ಅದು ಗೊತ್ತು" ಎಂದರು ಅತ್ತೆ, ಮಗನಿಗೇ. ಕಾರು ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕುಳಿತರು.

ನಾರಾಯಣನ ಹೆಂಡತಿ ಬಾಣಂತಿ, ಅವನು ಬರುವಂತಿರಲಿಲ್ಲ. "ಭಾವ, ಮಧ್ಯದಾಗೆ ಮಾತು ಸಾಗಿಸೋಕೆ ಯಾರೂ ಇಲ್ಲ. ಹುಷಾರು ಕಣಪ್ಪ" ಎಂದು ನಕ್ಕ. ನಾನೂ ನಕ್ಕೆ.

ತಾಯಲೂರಿನ ರಸ್ತೆಯ ಮೊದಲನೆಯ ಗುಂಡಿಯಲ್ಲೇ ಗಫೂರ್ ಸಾಹೇಬರ ತಿರುಪು ಸಡಿಲವಾಯಿತು. ಕನ್ನಡಿ ಒಳಕ್ಕೆ ತಿರುಗಿಕೊಂಡಿತು. ಹಿಂದೆ ಏನಿದೆ ಎಂದು ಕಣ್ಣೆತ್ತಿದೆ, ಅತ್ತೆ ಕಂಡರು. ಮುಖಾಮುಖಿ, ಇಷ್ಟು ಹತ್ತಿರದಲ್ಲಿ, ಹದಿನೈದು ವರ್ಷದಲ್ಲಿ ಮೊದಲ ಸಲ. ನಾನು ಅವರನ್ನು ಕಂಡ ಮೇಲೆ ಅವರೂ ನನ್ನನ್ನು ಕಂಡಿರಬೇಕಲ್ಲ. ಅವರು ತಟ್ಟನೆ ಸೆರಗು ಮುಂದಕ್ಕೆಳೆದುಕೊಂಡು ಎಡಗಡೆಗೆ ಸರಿದರು. ಕಾರು ಇನ್ನೊಂದು ಗುಂಡಿಗೆ ಇಳಿಯಿತು, ಕನ್ನಡಿ ಇನ್ನಷ್ಟು ಒಳಕ್ಕೆ ತಿರುಗಿತು, ಅಲ್ಲಿಯೂ ಅತ್ತೆ ಸಿಕ್ಕಿದರು. ಅವರು ಬಲಕ್ಕೆ ಬಂದರು. ನಾನು ಕೈಚಾಚಿ ಕನ್ನಡಿಯನ್ನು ಹೊರಕ್ಕೆ ತಳ್ಳಿದೆ. ಅದು ಬಲಕ್ಕೇ ನೋಡಿತು. ಪಾಪ, ಆ ವಯಸ್ಸಿನಲ್ಲಿ ಅವರು ಪಾತ್ರೆ ಹಿಡಿದುಕೊಂಡು ಸೀಟಿನ ಉದ್ದಕ್ಕೂ ಅತ್ತಿಂದಿತ್ತ ಓಡಾಡಬೇಕಾಯಿತು.

ಅತ್ತೆಯ ಮುಖವನ್ನು ಕೋಲಾರದವರೆಗೂ ದಿಟ್ಟಿಸಿಕೊಂಡು ಹೋಗುವ ಅಳಿಯ ಎಂಥವನು? ನಾನು ಮರ್ಯಾದಸ್ಥ. ಮುಳಬಾಗಿಲು ದಾಟಿದ ಮೇಲೆ ಕನ್ನಡಿಯ ಗದ್ದ ಹಿಡಿದು ಮೇಲಕ್ಕೆತ್ತಿ ಆಕಾಶ ನೋಡುವಂತೆ ಮಾಡಿಬಿಟ್ಟೆ. ಹಿಂದಿನಿಂದ ಒಂದು ನೆಮ್ಮದಿಯ ನಿಟ್ಟುಸಿರು ಕೇಳಿಸಿತು. ಇಬ್ಬರ ಮಾನವೂ ಉಳಿಯಿತು.

ದೇವರಾಯಸಮುದ್ರದ ಹತ್ತಿರ ಬರುವಾಗ ಹೊತ್ತು ಇಳಿಯತೊಡಗಿತ್ತು. ನಾನು ಅವಸರದಲ್ಲಿದ್ದೆ, ಎಂದರೆ ಎತ್ತಿನ ಗಾಡಿಗಳನ್ನು ಹಿಂದೆ ಹಾಕುತ್ತಿದ್ದೆ. ಹಿಂದಿನಿಂದ ಎಲ್ಲೋ ಹಾರನ್ನಿನ ಸದ್ದು ಕೇಳಿದಂತಾಯಿತು. ಮಾಡಿನ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು, ಸರಿಯಾಗಿ ತಿಳಿಯಲಿಲ್ಲ. ಕನ್ನಡಿ ನೋಡಿದೆ. ಒಂದು ಹದ್ದು, ಸ್ವಲ್ಪ ಮೋಡ, ಮೂಲೆಯಲ್ಲಿ ಕೆಂಪು ಚುಕ್ಕೆ. ಓಹೋ, ನಿನ್ನದೇ ಕೆಲಸವೋ ಎಂದುಕೊಂಡೆ. ಬೆಳಿಗ್ಗೆ ಮೂರು ಸಲ ಮೋಸಹೋದವನು ನಾಲ್ಕನೆಯ ಸಲ ಹೋಗುವುದಿಲ್ಲ.

ಹಿಂದಿನ ಸೀಟಿನಿಂದ ಅತ್ತೆಯ ಸ್ವರ ಕೇಳಿಸಿತು. "ಯಾರೋ ದೊಡ್ಡೋರು ಬರೋ ಹಾಗಿದೆಯಪ್ಪ, ರಾಮ ರಾಮ."

ಸಂಜೆಯ ಜಪ ಎಂದುಕೊಂಡೆ.

"ಬಂದೇಬಿಟ್ರು. ಕೇಳೋರಿಗೆ ಕೇಳಿಸಿದ್ರೆ ಸರಿ. ನಾನು ಯಾರಿಗೂ ಹೇಳ್ತಾ ಇಲ್ಲ."

ಎಂಥ ಭಕ್ತಿ ಎಂದುಕೊಂಡೆ.

"ಓರಿ ದೇವುಡಾ!"

ಬಲಗಿವಿಯ ಪಕ್ಕದಲ್ಲೇ ಬಸ್ಸು ಕೂಗಿತು. ಅದು ನೀಲಿ ಬಸ್ಸು. ನಾನು ಎಡಕ್ಕೆ ತಿರುಗಿಸಿದೆ. ಅಷ್ಟು ತಿರುಗಿಸಬೇಕಿರಲಿಲ್ಲ. ಕಾರು ರಸ್ತೆಯಿಂದಿಳಿದು, ಕೆರೆಯ ನೀರು ನಿಂತಿದ್ದ ಗದ್ದೆಗೆ ಹೋಗಿ, ಎಮ್ಮೆಯಂತೆ ತೃಪ್ತಿಯಿಂದ ಕುಳಿತುಕೊಂಡಿತು. ಹಿಂದಿನಿಂದ ಪಾತ್ರೆಯ ಬಟ್ಟೆ ಬಿಚ್ಚಿ, ಹಿತಕಿದ ಅವರೆಬೇಳೆ ನನ್ನ ತಲೆಯ ಮೇಲೆ, ಅಕ್ಷತೆ ಬಿದ್ದಂತೆ ಬಿತ್ತು.

ಬಸ್ಸು ಸ್ವಲ್ಪ ಮುಂದೆ ಹೋಗಿ ನಿಂತಿತು. ನಮಗಾಗಿ ನಿಂತಿತೋ ಇದ್ದಿಲು ಆರಿ ನಿಂತಿತೋ ತಿಳಿಯದು. ಕಂಡಕ್ಟರ್ ಇಳಿದು ಬಂದ; ಅವನ ಹಿಂದೆ ಆರೇಳು ಜನ ಪಂಚೆ ಕಟ್ಟಿಕೊಂಡು ಬಂದರು. ಅವನು ಮೊದಲು ನೋಡಿದ್ದು ಕನ್ನಡಿಯನ್ನು.

"ಏನ್ ಸ್ವಾಮಿ, ಕನ್ನಡಿ ಆಕಾಶಕ್ಕೆ ಇಟ್ಟಿದೀರಾ? ಜಪಾನ್‌ನೋರ ಏರೋಪ್ಲೇನ್ ಹಿಂದಿಂದ ಬರ್ತದಾ?"

"ಬಂದ್ರೆ ಎಡಕ್ಕೆ ಸರಿದು ದಾರಿ ಬಿಡ್ತಾರೆ ಬಿಡ್ಲಾ" ಎಂದ ಇನ್ನೊಬ್ಬ.

ನಾನು ತಲೆಯಿಂದ ಅವರೆಬೇಳೆ ಆರಿಸುತ್ತ ನಿಂತಿದ್ದೆ. ಮರ್ಯಾದೆಗಾಗಿ ಎತ್ತಿದ್ದೆ ಎಂದರೆ ಆ ಜನ ಇನ್ನೂ ನಗುತ್ತಿದ್ದರು. ಅವರೇ ಕಾರಿಗೆ ಭುಜ ಕೊಟ್ಟು, ಹೈಸ ಎಂದು ನೂಕಿ, ರಸ್ತೆಗೆ ತಂದು ನಿಲ್ಲಿಸಿದರು. ಕನ್ನಡಿಗೆ ಕೆಸರು ಸಿಡಿದಿತ್ತು. ಕಂಡಕ್ಟರ್ ಹೆಗಲ ಮೇಲಿನ ವಸ್ತ್ರ ತೆಗೆದು ಒರೆಸಿದ. ಒರೆಸುತ್ತ ಮೂಲೆಗೆ ಬಂದ.

"ಅದು ಬೇಡ" ಎಂದೆ ನಾನು.

"ಅದನ್ನ ಒರೆಸಬ್ಯಾಡಪ್ಪ" ಎಂದರು ಅತ್ತೆ. ಎರಡು ಮಾತೂ ಒಟ್ಟಿಗೇ ಬಂದವು.

ಅವನು ನಮ್ಮಿಬ್ಬರನ್ನೂ ನೋಡಿ, ವಸ್ತ್ರ ಕೊಡವಿಕೊಂಡು ಹೋದ.

ಸೂರ್ಯ ಕೆರೆಯ ಏರಿಯ ಮೇಲೆ ಒಂದು ಮೊಳ ಉಳಿದಿದ್ದ. ನಾನು ಕಾರು ಹತ್ತಿ ಕುಳಿತೆ. ಅತ್ತೆ ಹತ್ತಲಿಲ್ಲ. ಕೆಸರು ಕಾಲಿನಲ್ಲೇ ಬಂದು ಕನ್ನಡಿಯ ಪಕ್ಕದಲ್ಲಿ ನಿಂತರು. ಇನ್ನು ಈ ಕಾರು ಹತ್ತುವುದಿಲ್ಲ ಎನ್ನುತ್ತಾರೆಂದು ಹೆದರಿದೆ. ಹೋದ ವರ್ಷದಂತೆ ಈ ವರ್ಷವೂ ಅವರನ್ನು ದಾರಿಯಲ್ಲೇ ನಿಲ್ಲಿಸಿದೆ ಎಂದುಕೊಂಡೆ.

ಅವರು ಕನ್ನಡಿಗೆ ಹೇಳಿದರು: "ಅವರಿಗೆ ಹೇಳಮ್ಮ. ಇದನ್ನ ನಾನು ತಿರುಗಿಸ್ತೀನಿ. ಕೂತ ಜಾಗದಿಂದ ಏನು ಕಾಣ್ತದೋ ಹೇಳಲಿ."

ನಾನೂ ಕನ್ನಡಿಗೇ ಉತ್ತರ ಕೊಟ್ಟೆ. "ಆಗಲಿ ಅಂತ ಹೇಳು. ಈಗ ಮೋಡ ಕಾಣ್ತದೆ."

ಅವರು ತಗ್ಗಿಸಿದರು. "ಈಗ?"

"ಸೀಟು. ಅವರೆಬೇಳೆ."

"ಈಗ ಕೇಳು."

"ರಸ್ತೆ. ಹುಣಸೆಮರ. ಆ ಹುರುಳಿ ಒಕ್ಕೋ ಮುದುಕ ನಮ್ಮನ್ನೇ ನೋಡ್ತಾ ನಿಂತಿದಾನೆ."

"ಸರಿ ಹೋಯ್ತು ಅಂತ ಹೇಳು" ಎಂದು, ಅವರು ಸೆರಗಿನ ಅಂಚಿನಿಂದ ಒಂದು ದಾರ ಎಳೆದು ಸಡಿಲ ತಿರುಪಿಗೆ ಬಿಗಿಯಾಗಿ ಸುತ್ತಿದರು. ಓಡಿಸುವವನು ತನ್ನ ಜಾಗದಲ್ಲಿ ಕುಳಿತಿರಬೇಕು, ತಿರುಗಿಸುವವರು ಹೊರಗೆ ನಿಂತಿರಬೇಕು. ಇಷ್ಟೇ ಸಂಗತಿ. ಗಫೂರ್ ಸಾಹೇಬರಿಗೂ ನನಗೂ ಎರಡು ದಿನದಲ್ಲಿ ತೋಚದ್ದು ಕಾರನ್ನೇ ಓಡಿಸದ ಅತ್ತೆಗೆ ಗದ್ದೆಯ ಬದಿಯಲ್ಲಿ ತೋಚಿತು.

ಕೋಲಾರದವರೆಗೂ ಅವರು ಕನ್ನಡಿಯೊಡನೆ ಮಾತನಾಡಿದರು. ಗಾಡಿ ಬಂತು ಅಂತ ಹೇಳು. ನಿಧಾನ ಅಂತ ಹೇಳು. ಹೋದ ವರ್ಷ ನಾನು ಬಸ್ಸಲ್ಲಿ ಬಂದೆ ಅಂತ ಹೇಳು. ನಾನು ಎರಡು ಎತ್ತಿನ ಗಾಡಿ ದಾಟಿದೆ. ಆಮೇಲೆ, "ನಾನೇ ಬರಬೇಕಿತ್ತು ಅಂತ ಹೇಳು" ಎಂದೆ. ಹಿಂದಿನಿಂದ ಅವರೆಬೇಳೆ ಒಂದೊಂದಾಗಿ ಪಾತ್ರೆಗೆ ಬೀಳುವ ಸದ್ದು ಕೇಳಿಸಿತು. ನಮ್ಮ ಬೀದಿ ಬಂದಾಗ, "ದೀಪ ಇನ್ನೂ ಹಚ್ಚಿಲ್ಲ, ಬಂದು ಸೇರಿದ್ವಿ ಅಂತ ಹೇಳು" ಎಂದರು.

ಮರುದಿನ ತಿಥಿ ನಡೆಯಿತು. ಉಳಿದ ಅರ್ಧ ಪಾತ್ರೆ ಬೇಳೆಯಲ್ಲಿ ಸಾರು ಆಯಿತು. ಚೆಲ್ಲಿದ ಅರ್ಧದಲ್ಲಿ ಒಂದಿಷ್ಟು ನನ್ನ ಜೇಬಿನಲ್ಲಿ ಸಿಕ್ಕಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಅತ್ತೆ ಮೂರು ದಿನವಿದ್ದು ಹಿಂದಿರುಗಿದರು, ಬಸ್ಸಿನಲ್ಲಿ. ಬೀದಿಯವರು ಕನ್ನಡಿ ಮುಟ್ಟದಂತೆ ಅದಕ್ಕೊಂದು ಬಟ್ಟೆಯ ಟೋಪಿ ಹೊಲಿದುಕೊಟ್ಟು ಹೋಗಿದ್ದಾರೆ. ಮುನಿಯಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಈಗ ಪೆಟ್ರೋಲು ಸಿಕ್ಕಿದ ದಿನ ಮಾಲೂರಿಗೋ ಶ್ರೀನಿವಾಸಪುರಕ್ಕೋ ಹೊರಟರೆ ಹಿಂದಿನದೆಲ್ಲ ಚೆನ್ನಾಗಿ ಕಾಣುತ್ತದೆ. ಗಾಡಿ ಕಾಣುತ್ತದೆ, ಬಸ್ಸು ಕಾಣುತ್ತದೆ, ಎಬ್ಬಿಸಿದ ಧೂಳು ಕಾಣುತ್ತದೆ. ಮೂಲೆಯ ಕೆಂಪು ಬಸ್ಸೂ ಕಾಣುತ್ತದೆ. ಅದು ಏನೆಂದು ಚೆನ್ನಾಗಿ ಗೊತ್ತಿದ್ದೂ ಕೆಲವು ಸಲ ಎಡಕ್ಕೆ ಸರಿದು, ಕೈಚಾಚಿ, ದಾರಿ ಬಿಟ್ಟು ಕಾಯುತ್ತೇನೆ. ಹೊಲದವರು ನೋಡಿ ನಗುತ್ತಾರೆ.

ಭುಜದ ಮೇಲೆ ಮಾತ್ರ ಯಾರೂ ತಟ್ಟುವುದಿಲ್ಲ.